ಹೊಸ ಕಂಪ್ಯೂಟರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕೆ? ಮದರ್‌ಬೋರ್ಡ್ ನೋಡಿ ನಿರ್ಧರಿಸಿ

ಬಿಲ್ ಹಾಕುವ ಹೊತ್ತಿಗೆ "ಇನ್ನೆರಡು ವರ್ಷದ ವಾರಂಟಿ ಸೇರಿಸಲಾ?" ಎಂದು ಕೇಳುತ್ತಾರೆ. ಆನ್‌ಲೈನಲ್ಲಾದರೆ ದುಡ್ಡು ಕಟ್ಟುವ ಪುಟದಲ್ಲೇ ಟಿಕ್ ಹಾಕುವ ಚೌಕ ಇರುತ್ತದೆ. ಆ ಗಳಿಗೆಯಲ್ಲೇ ಹೂಂ ಅನ್ನಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಕಂಪ್ಯೂಟರ್ ತಯಾರಿಸಿದ ಕಂಪನಿಯೇ ಮಾರುವ ಪ್ಲಾನ್‌ಗಳಲ್ಲಿ ಹೆಚ್ಚಿನವನ್ನು ಮೂಲ ವಾರಂಟಿ ಜಾರಿಯಲ್ಲಿರುವವರೆಗೂ ಕೊಳ್ಳಬಹುದು. ತಡ ಮಾಡಿದರೆ ಬೆಲೆ ಒಂದಷ್ಟು ಏರಬಹುದು, ಅಷ್ಟೆ. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಇವನ್ನೂ ಒಳಗೊಳ್ಳುವ ಆಕಸ್ಮಿಕ ಹಾನಿಯ ಪ್ಲಾನಿಗೆ ಮಾತ್ರ ಗಡುವು ಬಿಗಿ. ಕೊಂಡ 30 ಅಥವಾ 60 ದಿನದೊಳಗೆ ತೆಗೆದುಕೊಳ್ಳಬೇಕು ಎಂಬಂಥ ಷರತ್ತು ಇರುತ್ತದೆ. ಆ ದಿನಾಂಕವನ್ನು ಮೊದಲು ತಿಳಿದುಕೊಳ್ಳಿ, ಆಮೇಲೆ ಸಮಾಧಾನವಾಗಿ ಲೆಕ್ಕ ಹಾಕಿ.

ವಾರಂಟಿ ಬೆಳೆಸುವ ಪ್ಲಾನ್, ಆಕಸ್ಮಿಕ ಹಾನಿಯ ಪ್ಲಾನ್ ಈ ಎರಡನ್ನೂ ಒಂದೇ ಎಂದುಕೊಂಡು ದುಡ್ಡು ಕಟ್ಟುವವರು ಬಹಳ ಮಂದಿ. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಮೊದಲ ವರ್ಷದ ವಾರಂಟಿಯನ್ನೇ ಮುಂದಕ್ಕೆ ಎಳೆಯುವುದು. ಅದು ನೋಡಿಕೊಳ್ಳುವುದು ಯಂತ್ರ ತಾನಾಗಿ ಕೆಟ್ಟದ್ದನ್ನು. ಕೈಜಾರಿ ಬಿದ್ದರೆ, ಕಾಫಿ ಚೆಲ್ಲಿದರೆ, ಮುಚ್ಚುವಾಗ ಮಧ್ಯೆ ಪೆನ್ನು ಸಿಕ್ಕಿ ಪರದೆ ಬಿರಿದರೆ ಆ ಕಾಗದಕ್ಕೂ ನಿಮಗೂ ಸಂಬಂಧವಿಲ್ಲ. ಮಕ್ಕಳಿರುವ ಮನೆ, ದಿನಾ ಚೀಲದಲ್ಲಿ ಹೊತ್ತು ಓಡಾಡುವ ಲ್ಯಾಪ್‌ಟಾಪ್, ಊಟದ ಮೇಜೇ ಕೆಲಸದ ಮೇಜಾಗಿರುವ ಕಡೆ ಇಂಥವರಿಗೆ ಆಕಸ್ಮಿಕ ಹಾನಿಯ ರಕ್ಷಣೆ ಮುಖ್ಯ. ಬರೀ ವಾರಂಟಿ ಬೆಳೆಸಿಕೊಂಡರೆ ಭಯ ಒಂದಕ್ಕೆ, ಮದ್ದು ಇನ್ನೊಂದಕ್ಕೆ ಆಗುತ್ತದೆ.

ಚೆಲ್ಲಿದ್ದನ್ನು ಒರೆಸಿ ಒಣಗಿಸಿ "ತಾನಾಗಿಯೇ ಆಫ್ ಆಯಿತು" ಎಂದರೆ ನಡೆಯುವುದಿಲ್ಲ. ಅನೇಕ ಲ್ಯಾಪ್‌ಟಾಪ್‌ಗಳ ಒಳಗೆ ಚಿಕ್ಕ ಬಿಳಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಸ್ಟಿಕ್ಕರ್ ಇಲ್ಲದಿದ್ದರೂ ಮದರ್‌ಬೋರ್ಡಿನ (ಚಿಪ್‌ಗಳೆಲ್ಲ ಕೂರುವ ಮುಖ್ಯ ಫಲಕ) ಮೇಲೆ ಹಸಿರು, ಬಿಳಿ ತುಕ್ಕು ಕಣ್ಣಿಗೆ ಕಾಣುತ್ತದೆ. ಯುಎಸ್‌ಬಿ ಸಿ ಪೋರ್ಟಿನದೂ ಇದೇ ಕಥೆ. ಅದರ ನಡುವೆ ಒಂದು ಮಿಲಿಮೀಟರಿಗಿಂತ ತೆಳ್ಳಗಿನ ನಾಲಿಗೆಯಿದೆ. ಚಾರ್ಜರ್ ವೈರನ್ನು ಯಾರೋ ಎಡವಿ ಎಳೆದಾಗ ಅದು ಬಾಗಿದರೆ ಸರ್ವಿಸ್ ಸೆಂಟರಿನವರು ಬರೆಯುವುದು "ಭೌತಿಕ ಹಾನಿ" ಎಂದೇ.

ಹಿಂಜ್, ಅಂದರೆ ಪರದೆ ತೆರೆದು ಮುಚ್ಚುವ ಕೀಲಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಗಳ ಹೆಚ್ಚು ಆಗುವುದು ಅಲ್ಲಿ. ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜಿನ ಸ್ಕ್ರೂಗಳು ಪ್ಲಾಸ್ಟಿಕ್ ಗುಬುಟುಗಳಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಿಗೆ ಹೋಗುತ್ತವೆ. ಹಿಂಜ್ ಬಿಗಿಯಾಗಿದ್ದು, ಪರದೆಯನ್ನು ಪ್ರತಿಸಲ ಒಂದೇ ಮೂಲೆ ಹಿಡಿದು ಎತ್ತುತ್ತಿದ್ದರೆ ಹೊರೆಯೆಲ್ಲ ಒಂದೇ ಬದಿಗೆ ಬಿದ್ದು ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಇದು ತಯಾರಿಕೆಯ ದೋಷವೆಂದು ನೀವು, ಬಳಕೆಯ ದೋಷವೆಂದು ಅವರು. ಪೂರ್ತಿ ಮುರಿಯುವ ಮೊದಲೇ ಸೂಚನೆ ಸಿಗುತ್ತದೆ. ಮುಚ್ಚಿದಾಗ ಹಿಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು, ತೆರೆಯುವಾಗ ಕಟಕ್ ಸದ್ದು. ಅಂದೇ ಫೋಟೋ ತೆಗೆದು, ಮೂಲ ವಾರಂಟಿಯಲ್ಲೇ ದೂರು ದಾಖಲಿಸಿ ನಂಬರ್ ಪಡೆಯಿರಿ. ಮುರಿದ ಮೇಲೆ ಹೋದರೆ ಒಪ್ಪಿಸುವುದು ಕಷ್ಟ.

ಇನ್ನು ಒಳಗಿನ ಮಾತು. ಫ್ಯಾನ್ ಸದ್ದು ಮಾಡಿದರೆ, ಸ್ಪೀಕರ್ ಹರಿದರೆ, ಚಾರ್ಜರ್ ಸತ್ತರೆ ಕೈಯಿಂದ ಕೊಟ್ಟು ಬದಲಿಸಬಹುದಾದ ಖರ್ಚು. ನಿಜವಾಗಿ ಮೈಮೇಲೆ ಬರುವುದು ಮದರ್‌ಬೋರ್ಡ್, ಅದರ ನಂತರ ಪರದೆ. ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, ಅನೇಕ ಮಾಡೆಲ್‌ಗಳಲ್ಲಿ ರ‍್ಯಾಮ್, ಕೆಲವುಗಳಲ್ಲಿ ಎಸ್‌ಎಸ್‌ಡಿ (ಕಡತಗಳನ್ನಿಡುವ ಡಿಸ್ಕ್) ಕೂಡ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಒಂದು ಚಿಪ್ ಹೋದರೂ ಕಂಪನಿಯವರು ಇಡೀ ಬೋರ್ಡ್ ಬದಲಿಸುತ್ತಾರೆ, ಮತ್ತು ಆ ಬಿಲ್ ಲ್ಯಾಪ್‌ಟಾಪಿನ ಅರ್ಧ ಬೆಲೆಯನ್ನು ಮುಟ್ಟುವುದು ಅಪರೂಪವಲ್ಲ. ಪ್ಲಾನ್ ಕೊಳ್ಳುವುದಿದ್ದರೆ ಈ ಬೋರ್ಡಿಗಾಗಿ ಕೊಳ್ಳಬೇಕು. ಉಳಿದ ಭಾಗಗಳಿಗಾಗಿ ಅಲ್ಲ.

ಹಾಗಾಗಿ ಲೆಕ್ಕವನ್ನೂ ಬೋರ್ಡಿನ ಮೇಲೇ ಹಾಕಿ. ಪ್ಲಾನಿನ ಬೆಲೆ ಲ್ಯಾಪ್‌ಟಾಪ್ ಬೆಲೆಯ ಶೇ 12 ಎಂದಿಟ್ಟುಕೊಳ್ಳಿ, ಬೋರ್ಡ್ ಬದಲಿಸುವ ಖರ್ಚು ಶೇ 50. 12ನ್ನು 50ರಿಂದ ಭಾಗಿಸಿದರೆ 0.24. ಅಂದರೆ ಇಂಥ ನೂರು ಲ್ಯಾಪ್‌ಟಾಪ್‌ಗಳಲ್ಲಿ 24ರ ಬೋರ್ಡು ಎರಡನೇ ಮೂರನೇ ವರ್ಷದಲ್ಲಿ ಹೋದರೆ ಮಾತ್ರ ಕೊಟ್ಟಿದ್ದಕ್ಕೂ ಪಡೆದದ್ದಕ್ಕೂ ಸರಿಹೋಗುತ್ತದೆ. ಅಷ್ಟು ಕೆಡುವ ಮಾಡೆಲ್ ಅನ್ನಿಸಿದರೆ ಪ್ಲಾನ್ ಸೇರಿಸುವ ಬದಲು ಬೇರೆ ಮಾಡೆಲ್ ಕೊಳ್ಳುವುದೇ ಸರಿ. ಪ್ಲಾನ್ ಬೆಲೆ ಶೇ 5 ಆಗಿದ್ದರೆ ಅದೇ ಲೆಕ್ಕ ನೂರಕ್ಕೆ 10ಕ್ಕೆ ಇಳಿಯುತ್ತದೆ, ಆಗ ಯೋಚಿಸಬಹುದು. ಪ್ರತಿ ರಿಪೇರಿಗೂ ನಿಮ್ಮಿಂದ ಒಂದಿಷ್ಟು ಮೊತ್ತ ವಸೂಲಿ ಮಾಡುವ ಪ್ಲಾನ್ ಆದರೆ ಅದನ್ನು 50ರಿಂದ ಕಳೆದು ಭಾಗಿಸಿ.

ಆದರೆ ಸರಾಸರಿ ಲೆಕ್ಕ ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ. ಬೋರ್ಡ್ ಹೋದ ದಿನ ಅರ್ಧ ಬೆಲೆಯನ್ನು ಒಟ್ಟಿಗೆ ಹೊಂದಿಸಲಾಗದವರಿಗೆ, ಲ್ಯಾಪ್‌ಟಾಪ್ ನಿಂತರೆ ಸಂಪಾದನೆಯೇ ನಿಲ್ಲುವವರಿಗೆ ಸರಾಸರಿಗಿಂತ ಹೆಚ್ಚು ಕೊಟ್ಟರೂ ಪ್ಲಾನ್ ತಕ್ಕದ್ದೇ. ಕೆಲಸ ನಿಲ್ಲಬಾರದು ಎನ್ನುವವರು ನೋಡಬೇಕಾದ್ದು ವರ್ಷಗಳ ಸಂಖ್ಯೆಯನ್ನಲ್ಲ, ಸೇವೆಯ ಬಗೆಯನ್ನು. ಯಂತ್ರವನ್ನು ನೀವೇ ಸರ್ವಿಸ್ ಸೆಂಟರಿಗೆ ಒಯ್ಯುವುದು ಒಂದು, ಕೊರಿಯರಿನಲ್ಲಿ ಕಳಿಸುವುದು ಇನ್ನೊಂದು, ಮಾರನೇ ಕೆಲಸದ ದಿನವೇ ತಂತ್ರಜ್ಞರು ಬಿಡಿಭಾಗ ಹಿಡಿದು ನಿಮ್ಮಲ್ಲಿಗೆ ಬರುವುದು ಮತ್ತೊಂದು. ಸರ್ವಿಸ್ ಸೆಂಟರ್ ದೂರವಿರುವವರಿಗೆ ಈ ಮೂರನೆಯದರ ಬೆಲೆಯೇ ಬೇರೆ. "ಮಾರನೇ ದಿನ" ಎಂಬುದು ಫೋನಿನಲ್ಲಿ ದೋಷ ಪತ್ತೆಯಾದ ಮೇಲಿನ ಲೆಕ್ಕ, ದೂರು ಕೊಟ್ಟ ಗಳಿಗೆಯಿಂದಲ್ಲ ಎಂಬುದೂ ನೆನಪಿರಲಿ.

ಎಲೆಕ್ಟ್ರಾನಿಕ್ ಸಾಮಾನು ಕೆಡುವುದಕ್ಕೂ ಒಂದು ನಡೆ ಇದೆ. ತಯಾರಿಕೆಯಲ್ಲೇ ಕುಂದಿದ್ದದ್ದು ಮೊದಲ ಕೆಲವು ತಿಂಗಳಲ್ಲಿ ಉದುರುತ್ತದೆ. ಆಮೇಲೆ ದೀರ್ಘ ಕಾಲ ಕೆಡುವ ಪ್ರಮಾಣ ಕಡಿಮೆ, ಸವೆತ ಶುರುವಾದ ಮೇಲೆ ಮತ್ತೆ ಏರುತ್ತದೆ. ಎರಡು, ಮೂರನೇ ವರ್ಷ ಬರುವುದು ಬಹುಪಾಲು ನಡುವಿನ ಈ ಶಾಂತ ಕಾಲದಲ್ಲಿ. ಮಾರುವವರಿಗೆ ಪ್ಲಾನ್ ಲಾಭ ತರುವುದಕ್ಕೆ ಇದೂ ಒಂದು ಕಾರಣ. ನಿಮಗಿರುವ ದಾರಿಯೆಂದರೆ ಮೊದಲ ದಿನಗಳಲ್ಲೇ ಯಂತ್ರವನ್ನು ಚೆನ್ನಾಗಿ ದುಡಿಸುವುದು. ಅಂಗಡಿಯ ಬದಲಾವಣೆ ಅವಧಿ ಮುಗಿಯುವುದರೊಳಗೆ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಒಂದು ದೋಷ ತೋರಿಸಿದರೂ ಸುಮ್ಮನಿರಬೇಡಿ. ಪರದೆಯನ್ನು ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಮಾಡಿ ಸತ್ತ ಪಿಕ್ಸೆಲ್ ಹುಡುಕಿ. ಒಂದೆರಡು ಪಿಕ್ಸೆಲ್ ಸತ್ತಿದ್ದರೆ ವಾರಂಟಿಯಲ್ಲಿ ಪರದೆ ಬದಲಿಸದ ಕಂಪನಿಗಳಿವೆ, ಅಂಗಡಿ ಬದಲಾವಣೆಯಲ್ಲಿ ಆ ತಕರಾರು ಕಡಿಮೆ. ಪ್ರತಿ ಪೋರ್ಟಿಗೂ ಏನಾದರೂ ಸಿಕ್ಕಿಸಿ ನೋಡಿ. ಅರ್ಧ ಗಂಟೆ ಭಾರೀ ಕೆಲಸ ಕೊಟ್ಟು ತಾನಾಗಿ ಆಫ್ ಆಗುತ್ತದೆಯೇ ಗಮನಿಸಿ.

ಬ್ಯಾಟರಿಯನ್ನು ಪ್ಲಾನ್ ಕಾಪಾಡುತ್ತದೆಂದು ನಂಬಿ ಕೂರಬೇಡಿ. ಲ್ಯಾಪ್‌ಟಾಪಿಗೆ ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಎಂದು ಬರೆದಿರುವುದು ಸಾಮಾನ್ಯ, ಏಕೆಂದರೆ ಅದನ್ನು ಸವೆಯುವ ವಸ್ತು ಎಂದು ಲೆಕ್ಕ ಹಾಕುತ್ತಾರೆ. ಬೇಕಿದ್ದರೆ ಬ್ಯಾಟರಿಗೆಂದೇ ಬೇರೆ ಪ್ಲಾನ್ ಮಾರುತ್ತಾರೆ. ಯಾವಾಗಲೂ ಚಾರ್ಜರಿಗೆ ಸಿಕ್ಕಿಸಿಯೇ ಇಡುವವರು ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ, ಪುಕ್ಕಟೆಯಾಗಿ ಸಿಗುವ ಲಾಭವದು. ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಗಟ್ಟಿಯಾಗಿದ್ದರೆ ಕೆಳಗೆ ಬ್ಯಾಟರಿ ಊದಿರಬಹುದು. ಬಳಕೆ ನಿಲ್ಲಿಸಿ, ಒತ್ತಲು ಹೋಗಬೇಡಿ, ಚಾರ್ಜ್ ಮಾಡಬೇಡಿ. ಊದಿದ ಬ್ಯಾಟರಿಯನ್ನು ವರ್ಷ ಮೀರಿದ ಮೇಲೂ ಬದಲಿಸಿಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಇದು ಸುರಕ್ಷತೆಯ ಪ್ರಶ್ನೆ.

ಬಿಡಿಭಾಗ ಜೋಡಿಸಿದ ಡೆಸ್ಕ್‌ಟಾಪ್ ಆದರೆ ನನ್ನ ಉತ್ತರ ಚಿಕ್ಕದು: ಬೇಡ. ಅದರ ಒಂದೊಂದು ಭಾಗಕ್ಕೂ ಅದರದೇ ವಾರಂಟಿ ಇದೆ. ಬಾಕ್ಸಿನಲ್ಲಿ ಬರುವ ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷ, ಒಳ್ಳೆಯ ಪವರ್ ಸಪ್ಲೈಗೆ 5ರಿಂದ 10 ವರ್ಷ, ರ‍್ಯಾಮಿಗೆ ಅನೇಕರು ಜೀವಿತಾವಧಿ ವಾರಂಟಿಯನ್ನೇ ಕೊಡುತ್ತಾರೆ. ಎಸ್‌ಎಸ್‌ಡಿಗೆ ವರ್ಷದ ಜೊತೆ ಬರಹದ ಮಿತಿಯೂ (ಒಟ್ಟು ಎಷ್ಟು ಡೇಟಾ ಬರೆಯಬಹುದು ಎಂಬುದು) ಇದೆ, ಯಾವುದು ಮೊದಲು ಮುಗಿಯುತ್ತದೋ ಅದು. ಸ್ಯಾಮ್‌ಸಂಗ್ 970 ಇವೊ ಪ್ಲಸ್‌ನ 1 ಟಿಬಿ ಮಾಡೆಲಿಗೆ 5 ವರ್ಷ ಅಥವಾ 600 ಟಿಬಿ. ಐದು ವರ್ಷವೂ ದಿನಕ್ಕೆ 300 ಜಿಬಿಗಿಂತ ಹೆಚ್ಚು ಬರೆದರೆ ಮಾತ್ರ ಆ ಮಿತಿ ಮೊದಲು ಮುಗಿದೀತು, ಮನೆ ಬಳಕೆಯಲ್ಲಿ ಅದು ಆಗದ ಮಾತು. ಜೋಡಿಸಿಕೊಡುವವರಿಂದ ಭಾಗವಾರು ಸೀರಿಯಲ್ ನಂಬರ್ ಬರೆದ ಬಿಲ್ ತೆಗೆದುಕೊಳ್ಳಿ, ಖಾಲಿ ಬಾಕ್ಸುಗಳನ್ನೂ ಬಿಡಬೇಡಿ. ಬಾಕ್ಸಿಲ್ಲದೆ ಟ್ರೇಯಲ್ಲಿ ಬಂದ ಪ್ರೊಸೆಸರಿನ ಹೊಣೆ ಮಾರಿದವರದ್ದೇ, ತಯಾರಕರದ್ದಲ್ಲ.

ಇಡೀ ಸರಣಿಯಲ್ಲೇ ದೋಷವಿದ್ದಾಗ ತಯಾರಕರೇ ಅವಧಿ ಹೆಚ್ಚಿಸುವುದೂ ಉಂಟು. ಆಪಲ್ 2018ರಲ್ಲಿ ಬಟರ್‌ಫ್ಲೈ ಕೀಬೋರ್ಡಿನ ಮ್ಯಾಕ್‌ಬುಕ್‌ಗಳಿಗೆ ಮೊದಲ ಮಾರಾಟದಿಂದ 4 ವರ್ಷ ಉಚಿತ ಕೀಬೋರ್ಡ್ ರಿಪೇರಿ ಘೋಷಿಸಿತು. ಇಂಟೆಲ್ 2024ರಲ್ಲಿ ಅಸ್ಥಿರತೆಯ ತೊಂದರೆಯಿದ್ದ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಎರಡು ವರ್ಷ ಸೇರಿಸಿತು. ಹಣ ಕೊಟ್ಟು ರಿಪೇರಿ ಮಾಡಿಸುವ ಮುಂಚೆ ನಿಮ್ಮ ಮಾಡೆಲಿಗೆ ಇಂಥದ್ದೇನಾದರೂ ಇದೆಯೇ ನೋಡಿ. ಕಾನೂನು ಏನು ಕೊಟ್ಟಿದೆ ಎಂಬುದನ್ನೂ ನೋಡಿ. ಐರೋಪ್ಯ ಒಕ್ಕೂಟದಲ್ಲಿ ಹೊಸ ಸರಕಿಗೆ ಮಾರಿದವರೇ ಕನಿಷ್ಠ 2 ವರ್ಷ ಹೊಣೆ, ಅಲ್ಲಿ ಎರಡನೇ ವರ್ಷಕ್ಕೆ ದುಡ್ಡು ಕೊಡುವ ಮುಂಚೆ ಅದರಿಂದ ಹೆಚ್ಚಿಗೆ ಏನು ಸಿಗುತ್ತದೆಂದು ಕೇಳಲೇಬೇಕು.

ಕೊಳ್ಳುವುದೆಂದು ತೀರ್ಮಾನಿಸಿದಿರಾ, ಪ್ಲಾನಿನ ಹಿಂದೆ ಯಾರಿದ್ದಾರೆ ಎಂಬುದೇ ಮೊದಲ ಪ್ರಶ್ನೆ. ತಯಾರಕರದ್ದಾದರೆ ಅವರ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದಾಗ ಕೊನೆಯ ದಿನಾಂಕ ಬದಲಾಗಿರಬೇಕು. ಬದಲಾಗದಿದ್ದರೆ ನೋಂದಣಿ ಆಗಿಲ್ಲ. ಕೆಲವು ಸಲ ವಾರಂಟಿ ಕಾರ್ಖಾನೆಯಿಂದ ಹೊರಟ ದಿನದಿಂದಲೇ ಶುರುವಾಗಿರುತ್ತದೆ, ಬಿಲ್ ಕಳಿಸಿ ಕೊಂಡ ದಿನಕ್ಕೆ ತಿದ್ದಿಸಿ. ಮಾರಾಟಗಾರರ ಅಥವಾ ಮೂರನೆಯವರ ಪ್ಲಾನ್ ಆದರೆ ಷರತ್ತಿನ ಪೂರ್ತಿ ಪಿಡಿಎಫ್ ಕೇಳಿ ಓದಿ. "2 ವರ್ಷ" ಅಂದರೆ ಮೊದಲ ವರ್ಷ ಮುಗಿದ ಮೇಲಿನ ಎರಡೋ, ಕೊಂಡ ದಿನದಿಂದ ಎರಡೋ? ಕೊಂಡ ದಿನದಿಂದ ಎಂದಿದ್ದರೆ ಸಿಗುವುದು ಒಂದೇ ಹೆಚ್ಚುವರಿ ವರ್ಷ. ರಿಪೇರಿ ಆಗದಿದ್ದರೆ ಹೊಸ ಯಂತ್ರವೋ, ಸವಕಳಿ ಕಳೆದ ಮೊತ್ತವೋ? ವರ್ಷಕ್ಕೆ ಶೇ 25ರಂತೆ ಸವಕಳಿ ಹಾಕಿದರೆ ಮೂರನೇ ವರ್ಷ ಕೈಗೆ ಬರುವುದು ಅರ್ಧದಷ್ಟು. ಎಷ್ಟು ಸಲ ಕ್ಲೈಮ್ ಮಾಡಬಹುದು, ಹಾಕುವ ಭಾಗ ಹೊಸದೋ ರಿಪೇರಿ ಮಾಡಿದ್ದೋ, ಯಂತ್ರ ಮಾರಿದರೆ ಪ್ಲಾನ್ ಹೊಸಬರಿಗೆ ಹೋಗುತ್ತದೆಯೋ ಇವೂ ಅದರಲ್ಲೇ ಇರುತ್ತವೆ.

ಯಾವ ಪ್ಲಾನೂ ನಿಮ್ಮ ಕಡತಗಳ ಹೊಣೆ ಹೊರುವುದಿಲ್ಲ. ಬೋರ್ಡಿಗೆ ಬೆಸೆದ ಎಸ್‌ಎಸ್‌ಡಿ ಇದ್ದರೆ ಬೋರ್ಡಿನ ಜೊತೆ ಫೋಟೋಗಳೂ ಹೋದವು. ಎಕ್ಸ್‌ಟರ್ನಲ್ ಡಿಸ್ಕಿಗೆ ಬ್ಯಾಕಪ್ ಮಾಡುವುದು ಪ್ಲಾನಿಗಿಂತ ಮೊದಲು ಖರ್ಚು ಮಾಡಬೇಕಾದ ಕಡೆ. ವಿಂಡೋಸಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಡಿ. ಮದರ್‌ಬೋರ್ಡ್ ಬದಲಾದರೆ ಅದರಲ್ಲಿರುವ, ಆ ಬೀಗ ತೆರೆಯುವ ಟಿಪಿಎಂ ಚಿಪ್ಪೂ ಬದಲಾಗುತ್ತದೆ, ಹಳೆಯ ಡಿಸ್ಕ್ ತೆರೆಯಲು ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ರಿಪೇರಿ ಸರಿಯಾಗಿ ಆಗಿದ್ದರೂ ಒಳಗಿನದು ಸಿಗುವುದಿಲ್ಲ.

ಪ್ಲಾನ್ ಬೇಕೋ ಬೇಡವೋ ಎಂದು ಇನ್ನೂ ಅನುಮಾನವಿದ್ದರೆ ಫೋನಿನಲ್ಲಿ ಹನ್ನೊಂದನೇ ತಿಂಗಳಿಗೆ ಒಂದು ಜ್ಞಾಪನೆ ಹಾಕಿಡಿ. ಅಂದು ಬ್ಯಾಟರಿಯ ಈಗಿನ ಸಾಮರ್ಥ್ಯವನ್ನು ಮೂಲ ಸಾಮರ್ಥ್ಯದೊಂದಿಗೆ ಹೋಲಿಸಿ, ಫ್ಯಾನಿನ ಸದ್ದು ಕೇಳಿ, ಹಿಂಜಿನ ಮೂಲೆ ನೋಡಿ, ಎಲ್ಲ ಕೀಗಳನ್ನೂ ಒತ್ತಿ. ಸಣ್ಣ ದೋಷವಿದ್ದರೂ ಮೂಲ ವಾರಂಟಿಯಲ್ಲೇ ದೂರು ಕೊಟ್ಟು ಸರಿಮಾಡಿಸಿ. ಆ ಒಂದು ವರ್ಷದಲ್ಲಿ ಬೋರ್ಡ್ ಒಮ್ಮೆ ಬದಲಾಗಿದ್ದರೆ, ಅಥವಾ ಅದೇ ತೊಂದರೆ ಎರಡು ಸಲ ಬಂದಿದ್ದರೆ ಪ್ಲಾನ್ ತೆಗೆದುಕೊಳ್ಳಿ. ಯಾವ ತಕರಾರೂ ಇಲ್ಲದೆ ನಡೆದಿದ್ದರೆ ಆ ದುಡ್ಡನ್ನು ರಿಪೇರಿಗೆಂದೇ ಎತ್ತಿಟ್ಟುಕೊಳ್ಳಿ.