ಪಟ್ಟಿಯಲ್ಲಿ ಅಪ್ಪನ ಕೋವಿ

"ನಿಮ್ಮಪ್ಪ ಪೊಲೀಸರನ್ನು ಅಷ್ಟು ನಂಬಿದ್ದರಾ?"

ಪಕ್ಕದ ಮನೆಯ ಅಜ್ಜ ಕೇಳಿದ ಈ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕೆಲಸಕ್ಕೆ ಹೋಗುವಾಗ, ಪಾತ್ರೆ ತೊಳೆಯುವಾಗ, ಮಗಳಿಗೆ ಜಡೆ ಹಾಕುವಾಗ ಅದೇ ತಲೆಯಲ್ಲಿ ಸುತ್ತುತ್ತಿದೆ.

ನಾವಿರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಟಿಮರು ಕಡೆ. ಅಜ್ಜ ವೈಮಾಟೆ ಹತ್ತಿರದ ಗುಡ್ಡಗಳಲ್ಲಿ ಕುರಿ ಸಾಕಿಕೊಂಡಿದ್ದವರು. ಈಗ ಎಲ್ಲವನ್ನೂ ಮಗನಿಗೆ ಬಿಟ್ಟುಕೊಟ್ಟು ಪೇಟೆಗೆ ಬಂದಿದ್ದಾರೆ. ನನ್ನ ಮಗಳು ಅವರನ್ನು ಅಜ್ಜ ಅಂತಲೇ ಕರೆಯುವುದು. ಮನೆ ಬದಲಾಯಿಸಿದ್ದರಿಂದ ಅವರಿಗೊಂದು ಕೆಲಸ ಬಿತ್ತು. ಇಲ್ಲಿ 2023ರ ಜೂನ್‌ನಿಂದ ಪ್ರತಿಯೊಂದು ಕೋವಿಯನ್ನೂ ಸರ್ಕಾರದ ಪಟ್ಟಿಗೆ ಸೇರಿಸುವ ಕಾನೂನು ಬಂದಿದೆ. ಒಟ್ಟು ಐದು ವರ್ಷ ಸಮಯ ಕೊಟ್ಟಿದ್ದಾರೆ. ಆದರೆ ಕೋವಿ ಕೊಂಡರೆ, ಮಾರಿದರೆ, ಲೈಸೆನ್ಸಿಗೆ ಅರ್ಜಿ ಹಾಕಿದರೆ, ವಿಳಾಸ ಬದಲಾದರೆ 2028ರವರೆಗೆ ಕಾಯುವ ಹಾಗಿಲ್ಲ, ಬೇಗನೇ ಬರೆಸಬೇಕು.

ಕಂಪ್ಯೂಟರ್ ಎದುರು ಕೂತರೆ ಅವರಿಗೆ ಕಣ್ಣು ನೋವು. ಹಾಗಾಗಿ ನಮ್ಮ ಅಡುಗೆಮನೆ ಮೇಜಿನ ಮೇಲೆ ನಾನೇ ಟೈಪ್ ಮಾಡಿಕೊಟ್ಟೆ. ಕಂಪನಿ ಯಾವುದು, ಮಾಡೆಲ್ ಯಾವುದು, ಕ್ಯಾಲಿಬರ್ ಎಷ್ಟು, ಸೀರಿಯಲ್ ನಂಬರ್ ಏನು. ನಂಬರುಗಳನ್ನು ಅವರು ಕುರಿ ಔಷಧಿಯ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ತಂದಿದ್ದರು. ಅವರ ತಂದೆಯ ಕಾಲದ ಕೋವಿಯೊಂದರ ನಂಬರ್ ಸವೆದು ಹೋಗಿತ್ತಂತೆ. ಅದು ಮೂರೋ ಎಂಟೋ ಅಂತ ಭೂತಗನ್ನಡಿ ಹಿಡಿದು ನೋಡಿದ್ದರಂತೆ. ಎಲ್ಲ ಮುಗಿದು ಕೊನೆಯ ಬಟನ್ ಒತ್ತುವಾಗ ಹೇಳಿದರು: "ಇವತ್ತು ನಂಬರ್ ಕೇಳ್ತಾರೆ. ನಾಳೆ ಕೋವಿಯನ್ನೇ ಕೇಳ್ತಾರೆ."

ಈ ಮಾತು ಇಲ್ಲಿ ಹೊಸದಲ್ಲ. ಹಳ್ಳಿ ಕಡೆ ಬೇಟೆಗಾರರು, ರೈತರು ಸೇರಿದಲ್ಲೆಲ್ಲ ಕೇಳಿಬರುತ್ತದೆ. ಸುಮ್ನೆ ಹೇಳುವ ಮಾತೂ ಅಲ್ಲ. ಅಜ್ಜನ ಕೈಯಿಂದ ಒಂದು ಕೋವಿ ಆಗಲೇ ಹೋಗಿದೆ.

2019ರ ಮಾರ್ಚ್ 15, ಶುಕ್ರವಾರ. ನಮ್ಮಿಂದ ಎರಡು ಗಂಟೆ ದಾರಿ ಕ್ರೈಸ್ಟ್‌ಚರ್ಚ್. ಅಲ್ಲಿನ ಎರಡು ಮಸೀದಿಗಳಲ್ಲಿ ನಮಾಜಿಗೆ ಬಂದಿದ್ದ 51 ಜನರನ್ನು ಒಬ್ಬ ಕೊಂದ. ಸತ್ತವರಲ್ಲಿ ನಮ್ಮ ದೇಶದಿಂದ ಬಂದವರೂ ಇದ್ದರು. ಕೊಂದವನ ಹತ್ತಿರ ಲೈಸೆನ್ಸ್ ಇತ್ತು, ಕೋವಿಗಳನ್ನು ಅಂಗಡಿಯಿಂದಲೇ ಕೊಂಡಿದ್ದ. ಅವನ ಬಳಿ ಎಷ್ಟು ಕೋವಿ ಇವೆ, ಯಾವ ಥರದವು ಎಂದು ಲೆಕ್ಕ ಇಡುವ ಪದ್ಧತಿಯೇ ಇರಲಿಲ್ಲ. ಇಲ್ಲೂ ಹಿಂದೆ ಕೋವಿಗಳ ಪಟ್ಟಿ ಇತ್ತು. ಕಾಗದದ ಆ ಪಟ್ಟಿಯಲ್ಲಿ ತುಂಬ ತಪ್ಪುಗಳಿದ್ದವು ಅಂತ 1983ರಲ್ಲಿ ಕೈಬಿಟ್ಟರು. ಮನುಷ್ಯನಿಗೆ ಲೈಸೆನ್ಸ್ ಕೊಟ್ಟರೆ ಸಾಕು, ಕೋವಿಗಳನ್ನು ಎಣಿಸುವುದು ಬೇಡ ಅಂದುಕೊಂಡರು.

ಹತ್ಯೆಯಾಗಿ ತಿಂಗಳು ತುಂಬುವ ಮೊದಲೇ ಸಂಸತ್ತು ಹೆಚ್ಚಿನ ಸೆಮಿ ಆಟೊಮ್ಯಾಟಿಕ್ (ಪ್ರತಿ ಸಲ ಗುಂಡು ತುಂಬದೆ ಒಂದರ ಹಿಂದೊಂದು ಹಾರಿಸಬಹುದಾದ) ಕೋವಿಗಳನ್ನು ನಿಷೇಧಿಸಿತು. ಪರವಾಗಿ 119 ಮತ, ವಿರುದ್ಧ ಒಂದು. ಆಮೇಲೆ ಸರ್ಕಾರ ದುಡ್ಡು ಕೊಟ್ಟು ಕೋವಿಗಳನ್ನು ವಾಪಸ್ ತೆಗೆದುಕೊಂಡಿತು. ಸ್ಥಿತಿ ಚೆನ್ನಾಗಿದ್ದರೆ ಬೆಲೆಯ ಶೇ. 95ರವರೆಗೂ ಕೊಟ್ಟರು. ಡಿಸೆಂಬರ್ 20ಕ್ಕೆ ಗಡುವು ಮುಗಿದಾಗ ಸುಮಾರು 56 ಸಾವಿರ ಕೋವಿಗಳು ಬಂದಿದ್ದವು. ಅಜ್ಜನದೂ ಅದರಲ್ಲಿ ಒಂದು.

ಅದನ್ನು ಅವರು ವಾಲಬಿ ಹೊಡೆಯಲು ಇಟ್ಟುಕೊಂಡಿದ್ದರು. ವಾಲಬಿ ಅಂದರೆ ಕಾಂಗರೂ ಜಾತಿಯ ಸಣ್ಣ ಪ್ರಾಣಿ. 1874ರಲ್ಲಿ ಯಾರೋ ಆಸ್ಟ್ರೇಲಿಯಾದಿಂದ ತಂದು ವೈಮಾಟೆ ಕಾಡಿನಲ್ಲಿ ಬಿಟ್ಟರು. ಈಗ ಕುರಿಗಳ ಹುಲ್ಲನ್ನೆಲ್ಲ ಅವೇ ಮೇಯುತ್ತವೆ. ಊರಲ್ಲಿ ನಮಗೆ ಮಂಗ, ಕಾಡುಹಂದಿ ಇದ್ದ ಹಾಗೆ.

ಅಜ್ಜ ಕೋವಿಯನ್ನು ಕೊಡಲು ಹೋದಲ್ಲಿ ಒಬ್ಬಳು ಪೊಲೀಸ್ ಹುಡುಗಿ ಅದನ್ನು ನೋಡಿ, ಬರೆದುಕೊಂಡು, ಅವರಿಗೆ ಕುರ್ಚಿ ಕೊಟ್ಟು, ಹೋಗುವಾಗ ಧನ್ಯವಾದ ಹೇಳಿದಳಂತೆ. ದುಡ್ಡು ಬ್ಯಾಂಕಿಗೆ ಬಂತು. ಆದರೂ ಅವರಿಗೆ ನೋವಿದೆ. "ನಾನೇನು ತಪ್ಪು ಮಾಡಿದ್ದೆ?" ಅನ್ನುತ್ತಾರೆ.

ನಾನು ಒಂದು ವಿಷಯ ತೆಗೆದೆ. 2019ರಲ್ಲಿ ನಿಮ್ಮ ಆ ಕೋವಿ ಪಟ್ಟಿಯಲ್ಲಿ ಇರಲೇ ಇಲ್ಲವಲ್ಲ? ಪಟ್ಟಿ ಇಲ್ಲದೆಯೇ ತೆಗೆದುಕೊಂಡರಲ್ಲ? ಪಟ್ಟಿ ಬಂದದ್ದು ನಾಲ್ಕು ವರ್ಷ ಆದ ಮೇಲೆ, ಅಲ್ವಾ?

ಅವರ ಉತ್ತರ ತಯಾರಿತ್ತು. ಪಟ್ಟಿ ಇಲ್ಲದ್ದರಿಂದ ಎಷ್ಟು ಕೋವಿಗಳಿದ್ದವು ಅಂತ ಪೊಲೀಸರಿಗೇ ಗೊತ್ತಾಗಲಿಲ್ಲ, 56 ಸಾವಿರ ಬಂದದ್ದು ಎಲ್ಲವೂ ಬಂದ ಹಾಗೋ ಅರ್ಧ ಬಂದ ಹಾಗೋ ಅಂತ ಹೇಳಲಾಗಲಿಲ್ಲ. 1990ರಲ್ಲಿ ಇಲ್ಲಿನ ಅರಮೋವಾನಾ ಎಂಬ ಊರಿನಲ್ಲಿ ಒಬ್ಬ 13 ಜನರನ್ನು ಕೊಂದ ಮೇಲೆ ಮಿಲಿಟರಿ ಮಾದರಿಯ ಕೋವಿಗಳನ್ನು ಮಾತ್ರ ಪಟ್ಟಿ ಮಾಡಿದ್ದರು. ಆ ಪಟ್ಟಿಯಲ್ಲಿದ್ದವರು ಯಾರೂ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ, ಉಳಿದವರು ಮನಸ್ಸಿದ್ದರೆ ಕೊಡಬೇಕು. "ಅದಕ್ಕೇ ಈಗ ಎಲ್ಲವನ್ನೂ ಬರೆಸಿಕೊಳ್ಳೋದು" ಅಂದರು.

ಕೆನಡಾದ ಮಾತನ್ನೂ ತೆಗೆದರು. ಅಲ್ಲಿ ಉದ್ದ ಕೋವಿಗಳ ಪಟ್ಟಿಗೆ ಹತ್ತಿರಹತ್ತಿರ ನೂರು ಕೋಟಿ ಡಾಲರ್ ಖರ್ಚು ಮಾಡಿ, 2012ರಲ್ಲಿ ಅದೇ ಪಟ್ಟಿಯನ್ನು ರದ್ದು ಮಾಡಿ ಅಳಿಸಿಹಾಕಿದರು. ಆ ಪಟ್ಟಿಯ ಹೆಸರಲ್ಲಿ ಆಗ ಯಾರ ಮನೆಗೂ ಕೋವಿ ಹೊತ್ತೊಯ್ಯುವ ಲಾರಿ ಬಂದಿರಲಿಲ್ಲ. ಆದರೆ 2020ರಲ್ಲಿ ನೋವಾ ಸ್ಕೋಷಿಯಾದಲ್ಲಿ 22 ಜನರ ಕೊಲೆಯಾದ ಮೇಲೆ ಸುಮಾರು 1,500 ಮಾದರಿಗಳನ್ನು ನಿಷೇಧಿಸಿದರು. ಅವುಗಳಲ್ಲಿ ಮೊದಲಿನಿಂದ ನೋಂದಣಿ ಕಡ್ಡಾಯವಿದ್ದ ಕೋವಿಗಳ ಮಾಲೀಕರಿಗೆ ಪೊಲೀಸರ ಕಾಗದ ನೇರ ಮನೆಗೇ ಬಂತು. ಎರಡು ಕಡೆಯವರೂ ಕೆನಡಾವನ್ನೇ ಸಾಕ್ಷಿಗೆ ಕರೆಯುತ್ತಾರೆ. ಎರಡು ಕಡೆಯವರಿಗೂ ಅಲ್ಲಿ ಸಾಕ್ಷಿ ಸಿಗುತ್ತದೆ.

ಆಗ ನಾನು ನಮ್ಮ ಅಪ್ಪನ ಕೋವಿಯ ಕಥೆ ಹೇಳಿದೆ.

ಮಲೆನಾಡಿನ ನಮ್ಮ ಮನೆಯಲ್ಲಿ ಒಂದು ಒಂಟಿ ನಳಿಗೆಯ ತೋಟಾ ಕೋವಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಅದು ಪ್ರಾಣಿ ಕೊಂದದ್ದಕ್ಕಿಂತ ಗಾಳಿಗೆ ಈಡು ಹಾರಿಸಿದ್ದೇ ಜಾಸ್ತಿ. ರಾತ್ರಿ ಗದ್ದೆ ಕಡೆ ಗುಟುರು ಕೇಳಿದರೆ ಅಪ್ಪ ಜಗಲಿಯಿಂದ ಇಳಿದು ಒಂದು ಈಡು ಹಾರಿಸುತ್ತಿದ್ದರು. ಹಂದಿ ಓಡುತ್ತಿತ್ತು, ನಾವು ಮಗ್ಗುಲು ಬದಲಾಯಿಸಿ ಮಲಗುತ್ತಿದ್ದೆವು.

ಚುನಾವಣೆ ಘೋಷಣೆಯಾಯಿತು ಅಂದರೆ ಠಾಣೆಯಿಂದ ಹೇಳಿಕಳಿಸುತ್ತಿದ್ದರು. ಕೋವಿ ತಂದು ಠೇವಣಿ ಇಡಿ. ಅಪ್ಪ ನಳಿಗೆಗೆ ಎಣ್ಣೆ ಹಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸು ಹತ್ತುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಠಾಣೆಯ ಜಗಲಿಯಲ್ಲಿ ನಮ್ಮೂರ ಸುತ್ತಿನ ರೈತರೆಲ್ಲ ಕೋವಿ ಹಿಡಿದು ಸಾಲಾಗಿ ನಿಂತಿದ್ದರು. ಕೂರಿ ಅಂತ ಯಾರೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಸರದಿ ಬಂತು. ದೊಡ್ಡ ಪುಸ್ತಕದಲ್ಲಿ ನಂಬರ್ ಬರೆದು, ಕೋವಿಯ ಕುದುರೆಯ (ಟ್ರಿಗರ್) ಹತ್ತಿರ ಸಣಬಿನ ದಾರದಿಂದ ಒಂದು ಚೀಟಿ ಕಟ್ಟಿ, ಮೂಲೆಯ ರಾಶಿಗೆ ಒರಗಿಸಿದರು. ರಸೀದಿಯನ್ನು ಅಪ್ಪ ಪಂಚಾಂಗದೊಳಗೆ ಇಟ್ಟುಕೊಳ್ಳುತ್ತಿದ್ದರು. ಫಲಿತಾಂಶ ಬಂದ ಮೇಲೆ ಮತ್ತೆ ಬಸ್ಸು ಹತ್ತಿ ಹೋಗಿ ತರಬೇಕು. ಕೋವಿ ತುಕ್ಕು ಹಿಡಿದು ಬರುತ್ತಿತ್ತು. ಸೀಮೆಎಣ್ಣೆ ಬಟ್ಟೆ ಹಿಡಿದು ಉಜ್ಜುತ್ತಾ ಅಪ್ಪ ಯಾರಿಗೂ ಅಲ್ಲ ಅನ್ನುವ ಹಾಗೆ ಹೇಳುತ್ತಿದ್ದರು: "ನಾನೇನು ಕಳ್ಳನಾ?"

ಪಂಚಾಯ್ತಿ ಚುನಾವಣೆ ಕೊಯ್ಲಿನ ಹೊತ್ತಿಗೆ ಬಂದರಂತೂ ಕಷ್ಟ. ಹಂದಿಗೆ ನೀತಿ ಸಂಹಿತೆ ಗೊತ್ತಿಲ್ಲವಲ್ಲ. ಡಬ್ಬ ಬಡಿದು, ಪಟಾಕಿ ಹೊಡೆದು ಅಪ್ಪ, ಅಣ್ಣ ರಾತ್ರಿ ಕಾಯುತ್ತಿದ್ದರು. ಇನ್ನೊಂದು ಕಡೆ ಊರಲ್ಲಿ ನಾಡಕೋವಿಗಳೂ ಇದ್ದವು. ಯಾರ ಮನೆಯಲ್ಲಿ ಅಂತ ಎಲ್ಲರಿಗೂ ಗೊತ್ತು. ಅವು ಯಾವ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಯಾವ ಚುನಾವಣೆಗೂ ಠಾಣೆಗೆ ಹೋಗಲಿಲ್ಲ.

ಅಜ್ಜ ಇದನ್ನೆಲ್ಲ ಕೇಳಿ, ಪ್ರತಿ ಸಲವೂ ವಾಪಸ್ ಕೊಟ್ಟರಾ ಅಂದರು. ಕೊಟ್ಟರು ಅಂದೆ. ಆಗಲೇ ಅವರು ಆ ಪ್ರಶ್ನೆ ಕೇಳಿದ್ದು.

ಈಗ ಉತ್ತರ ಸಿಕ್ಕಿದೆ. ಅಪ್ಪನದು ನಂಬಿಕೆಯಲ್ಲ. ಇಡದಿದ್ದರೆ ಮುಂದಿನ ಸಲ ಲೈಸೆನ್ಸ್ ನವೀಕರಣ ಆಗದು ಅನ್ನುವ ಭಯ. ಸರ್ಕಾರ ಕೇಳಿದ್ದನ್ನು ಕೊಟ್ಟು ಸುಮ್ಮನಿದ್ದರೆ ನಮ್ಮ ಪಾಡಿಗೆ ನಾವಿರಬಹುದು ಅನ್ನುವ ಲೆಕ್ಕ. ಬ್ರಿಟಿಷರು 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ತಮ್ಮವರನ್ನು ಹೊರಗಿಟ್ಟಿದ್ದರು. ಕೋವಿ ಇಟ್ಟುಕೊಂಡ ರೈತನನ್ನು ಅನುಮಾನದಿಂದ ನೋಡುವ ಕಣ್ಣು ಆಗಿನದೇ. ಕಾಯ್ದೆ 1959ರಲ್ಲಿ ಬದಲಾಯಿತು, ಕಣ್ಣು ಬದಲಾಗಲಿಲ್ಲ.

ಕೊಡಗಿನವರನ್ನು ಮಾತ್ರ ಹಾಗೆ ನೋಡಲಿಲ್ಲ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿ ಹಿಡಿಯಿತು. ಅವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ ತೋಕ್ ಪೂ ಎಂಬ ಹೂವಿಟ್ಟು ಕೋವಿಗೆ ಪೂಜೆ ಮಾಡುತ್ತಾರೆ. ಇಲ್ಲಿರುವ ಕೊಡಗಿನ ಗೆಳತಿ ಹೇಳುವ ಹಾಗೆ, ಅವರಿಗೂ ವಿನಾಯಿತಿ ಪತ್ರ ಬೇಕು, ಹೆಸರು ಕಚೇರಿಯ ದಾಖಲೆಯಲ್ಲಿ ಇರುತ್ತದೆ. ಹೆಸರು ಬರೆಸಿಕೊಂಡೂ ಜನರನ್ನು ಗೌರವದಿಂದ ಕಾಣಬಹುದು ಅನ್ನುವುದಕ್ಕೆ ನಾಡಿನೊಳಗೇ ಉದಾಹರಣೆ ಇದೆ. ಪಕ್ಕದ ಜಿಲ್ಲೆಯ ರೈತನಿಗೆ ಅದು ಯಾಕಿಲ್ಲ?

ಪಟ್ಟಿ ಮಾಡಿದರೆ ಕೋವಿ ಹೋಗಿಯೇಬಿಡುತ್ತದೆ ಅನ್ನುವವರಿಗೆ ನಮ್ಮಲ್ಲೂ ಒಂದು ಆಧಾರ ಇದೆ. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಕೋವಿಯ ಮಿತಿಯನ್ನು ಎರಡಕ್ಕೆ ಇಳಿಸಿದರು. ಮೂರನೆಯದನ್ನು ವರ್ಷದೊಳಗೆ ಒಪ್ಪಿಸಬೇಕಾಯಿತು. ಯಾರ ಹತ್ತಿರ ಮೂರಿದೆ ಅನ್ನುವುದು ಲೈಸೆನ್ಸಿನಲ್ಲೇ ಬರೆದಿತ್ತು.

ಇಷ್ಟಾದರೂ ನಾನು ಪಟ್ಟಿಯ ಪರ. ಕ್ರೈಸ್ಟ್‌ಚರ್ಚಿನ ಆ ಶುಕ್ರವಾರ ಇಲ್ಲಿದ್ದವರಿಗೆ ಬೇರೆ ಅಭಿಪ್ರಾಯ ಕಷ್ಟ. ಒಬ್ಬನ ಮನೆಯಲ್ಲಿ ಎಷ್ಟು ಕೋವಿ ಸೇರುತ್ತಿವೆ ಅಂತ ಯಾರಿಗಾದರೂ ತಿಳಿದಿರಬೇಕು. ಕೋವಿಯನ್ನು ವಾಪಸ್ ತೆಗೆದುಕೊಳ್ಳುವುದು ಪಟ್ಟಿಯಲ್ಲ, ಕಾನೂನು, ಅದರ ಹಿಂದಿನ ಜನರ ಸಿಟ್ಟು, ದುಃಖ. ಪಟ್ಟಿ ಆ ಕೆಲಸವನ್ನು ಸುಲಭ ಮಾಡುತ್ತದೆ, ಅದು ಸುಳ್ಳಲ್ಲ. ಅದಕ್ಕೇ ಪಟ್ಟಿ ಇಟ್ಟುಕೊಂಡವರ ಮೇಲೆ ಜವಾಬ್ದಾರಿ ಜಾಸ್ತಿ. ಅಜ್ಜನಿಗೆ ಇನ್ನೊಂದು ಭಯವೂ ಇದೆ, ಅದು ನ್ಯಾಯವಾದದ್ದೇ. 2019ರ ಡಿಸೆಂಬರ್‌ನಲ್ಲಿ ಕೋವಿ ವಾಪಸಾತಿಯ ಜಾಲತಾಣದಲ್ಲಿ ಒಬ್ಬ ವ್ಯಾಪಾರಿಗೆ ಬೇರೆ ಮಾಲೀಕರ ವಿವರಗಳು ಕಾಣಿಸಿಬಿಟ್ಟವು, ಪೊಲೀಸರು ತಾಣವನ್ನೇ ಮುಚ್ಚಬೇಕಾಯಿತು. ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ಯಾವ ಕೋವಿ ಇದೆ ಅಂತ ಕಳ್ಳನಿಗೆ ಗೊತ್ತಾದರೆ? ಸರ್ಕಾರ ಕೇಳುವ ಮಾಹಿತಿಯನ್ನು ಸರ್ಕಾರವೇ ಕಾಪಾಡಬೇಕು.

ನನಗೆ ಹೊಟ್ಟೆ ಉರಿಯುವುದು ಆ ಕುರ್ಚಿಯ ವಿಷಯಕ್ಕೆ. ಇಲ್ಲಿ ಕೋವಿಯನ್ನು ಕಾಯಂ ಆಗಿ ತೆಗೆದುಕೊಂಡರೂ ಬೆಲೆ ಕೊಟ್ಟರು, ಕೂರಿಸಿದರು, ಧನ್ಯವಾದ ಹೇಳಿದರು. ನಮ್ಮಲ್ಲಿ ಎರಡು ತಿಂಗಳಿಗೆ ತೆಗೆದುಕೊಳ್ಳುವಾಗಲೂ ಅಪ್ಪ ಮಧ್ಯಾಹ್ನದವರೆಗೂ ನಿಲ್ಲಬೇಕಿತ್ತು.

ಇನ್ನೂ ಬೇಜಾರಿನ ವಿಷಯ ಏನೆಂದರೆ, ಎಲ್ಲರೂ ಕೋವಿ ತಂದಿಡಿ ಅಂತ ಚುನಾವಣಾ ಆಯೋಗ ಹೇಳಿಯೇ ಇಲ್ಲ. ಜಿಲ್ಲಾಧಿಕಾರಿ, ಎಸ್‌ಪಿ ಇರುವ ಪರಿಶೀಲನಾ ಸಮಿತಿ ಒಂದೊಂದೇ ಲೈಸೆನ್ಸ್ ನೋಡಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರನ್ನು ಗುರುತಿಸಿ ನೋಟಿಸ್ ಕೊಡಬೇಕು. 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ ಸಾರಾಸಗಟು ಆದೇಶ ಹೊರಡಿಸಿ ಎಲ್ಲರಿಂದ ಕೋವಿ ಇಡಿಸಿಕೊಳ್ಳುವಂತಿಲ್ಲ ಎಂದಿತು. ಪಟ್ಟಿ ಇರುವುದೇ ಯಾರನ್ನು ಅನುಮಾನಿಸಬೇಕು, ಯಾರನ್ನು ಬಿಡಬೇಕು ಅಂತ ಬೇರ್ಪಡಿಸಲು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ಪಟ್ಟಿ ಯಾಕೆ ಬೇಕು?

ಅಪ್ಪ ಈಗಿಲ್ಲ. ಕೋವಿ ಅಣ್ಣನ ಹೆಸರಿಗೆ ಬಂದಿದೆ. ಮೊನ್ನೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಮುಂದಿನ ಚುನಾವಣೆಗೆ ಬಾಯಿಮಾತಲ್ಲಿ ಹೇಳಿದರೆ ಇಡಬೇಡ, ನನ್ನ ಹೆಸರಿಗೆ ನೋಟಿಸ್ ಕೊಡಿ ಅಂತ ಕೇಳು, ಮೊದಲೇ ವಿನಾಯಿತಿಗೆ ಅರ್ಜಿ ಹಾಕು, ಊರಿನ ಉಳಿದವರನ್ನೂ ಸೇರಿಸಿಕೋ ಅಂದೆ.

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ. "ಅಲ್ಲಿ ಕೂತು ಹೇಳೋದು ಸುಲಭ ಮಾರಾಯ್ತಿ. ನಾಳೆ ಲೈಸೆನ್ಸ್ ರಿನ್ಯೂವಲ್‌ಗೆ ನಾನೇ ಹೋಗಿ ನಿಲ್ಲಬೇಕಲ್ಲ" ಅಂದ. ಅಪ್ಪನ ಲೆಕ್ಕವೇ ಅವನದೂ. ಆಮೇಲೆ ಅವನೇ ಸೇರಿಸಿದ: "ಆಯ್ತು, ಅರ್ಜಿ ನೀನೇ ಬರೆದು ಕಳಿಸು. ಸೊಸೈಟಿ ಮೀಟಿಂಗಿನಲ್ಲಿ ಓದ್ತೀನಿ. ಹತ್ತು ಜನ ಸಹಿ ಹಾಕಿದರೆ ನಾನೂ ಹಾಕ್ತೀನಿ."

ಬರೆದು ಕಳಿಸಿದ್ದೇನೆ.