ನಿಮ್ಮ ಕಥೆ ಯಾವ ಪ್ರಕಾರದ್ದು?

ಬರೆದಿಟ್ಟ ಕಥೆಗಳಲ್ಲಿ ಐದಾರನ್ನು ಹೊರತೆಗೆಯಿರಿ, ಅರ್ಧಕ್ಕೆ ಬಿಟ್ಟವೂ ಇರಲಿ. ಓದುಗರನ್ನು ಕೊನೆಯವರೆಗೆ ಹಿಡಿದಿಡುವ ಪ್ರಶ್ನೆ ಯಾವುದೆಂದು ಪ್ರತಿ ಕಥೆಗೂ ಒಂದೇ ಸಾಲಿನಲ್ಲಿ ಬರೆಯಿರಿ. ‘ಮಾಡಿದ್ದು ಯಾರು?’ ಎಂದಾದರೆ ಪತ್ತೇದಾರಿ, ‘ಇವಳು ಪಾರಾಗುತ್ತಾಳಾ?’ ಎಂದಾದರೆ ಥ್ರಿಲ್ಲರ್. ಕೊಲೆ, ದೆವ್ವ, ರಾಕೆಟ್ಟು ಎಲ್ಲ ಬರೀ ಸಾಮಗ್ರಿ. ಪ್ರಕಾರವನ್ನು ಹೇಳುವುದು ಆ ಪ್ರಶ್ನೆಯೇ.

ಹೆಚ್ಚಿನವರು ಎಡವುವುದು, ಓದಲು ಇಷ್ಟವಾದದ್ದನ್ನೇ ಬರೆಯಲು ಹೊರಟಾಗ. ಪತ್ತೇದಾರಿಗೆ ಸುಳಿವುಗಳನ್ನು ಮೊದಲೇ ಹೂತಿಡಬೇಕು; ಅಂತ್ಯ ಗೊತ್ತಿಲ್ಲದೆ ಬರೆಯುತ್ತ ಹೋಗುವವರಿಗೆ ಮೂರನೇ ಕರಡಿನಲ್ಲೂ ಅದು ಕೈಕೊಡಬಹುದು.

ಅನುಮಾನವಿದ್ದರೆ ಒಂದೇ ಘಟನೆಯನ್ನು ಮೂರು ಪ್ರಕಾರಗಳಲ್ಲಿ, ತಲಾ 300 ಪದಗಳಲ್ಲಿ ಬರೆದು, ವಾರ ಬಿಟ್ಟು ಗಟ್ಟಿಯಾಗಿ ಓದಿ. ಯಾವುದರಲ್ಲಿ ಪಾತ್ರಗಳ ಮಾತನ್ನು ತಿದ್ದಬೇಕೆನಿಸುವುದಿಲ್ಲವೋ, ಅದರಲ್ಲೇ ಮುಂದಿನ ಹತ್ತು ಪುಟ ಬರೆಯಿರಿ.