ಗಡಿಯಾರ ನೋಡದೆ ಎಂಟು ಸುತ್ತು

ದಾವಣಗೆರೆ, ಭಾನುವಾರ, 11 ಮೇ 2025

ಏಳಕ್ಕೆಲ್ಲ ಬೇಸಿಗೆ ಶಿಬಿರದ ಮಕ್ಕಳು ಬಂದುಬಿಡುತ್ತಾರೆ ಅಂತ ಇವತ್ತು ಆರಕ್ಕೇ ಈಜುಕೊಳಕ್ಕಿಳಿದೆ. ಕೋಚ್ ಹೊಸ ಕೆಲಸ ಕೊಟ್ಟರು. 50 ಮೀಟರಿನ ಎಂಟು ಸುತ್ತು, ಪ್ರತಿಯೊಂದೂ 60 ಸೆಕೆಂಡಿಗೆ. ಗಡಿಯಾರ ನೋಡುವ ಹಾಗಿಲ್ಲ, ಗೋಡೆ ಮುಟ್ಟಿದ ಕೂಡಲೇ ಎಷ್ಟಾಯ್ತು ಅಂತ ಮೊದಲು ನಾನು ಹೇಳಬೇಕು, ಆಮೇಲೆ ಅವರು ಸ್ಟಾಪ್‌ವಾಚ್ ತೋರಿಸುತ್ತಾರೆ.

ಮೊದಲನೇದು ಆರಾಮಾಗಿತ್ತು. "60" ಅಂದೆ. 52 ಆಗಿತ್ತು! ಏಳನೇದರಲ್ಲಿ ತೋಳು ಉರಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ, ಜೋರಾಗೇ ಬಂದಿದ್ದೀನಿ ಅನ್ನಿಸಿ "57" ಅಂದೆ. 66. ಇಷ್ಟು ದಿನ ಸುಸ್ತನ್ನೇ ವೇಗ ಅಂದುಕೊಂಡಿದ್ದೆ.

ಶುರುವಲ್ಲಿ ಹಾಗೆ ನುಗ್ಗಿದ್ದು ತುಂಬಾ ದುಬಾರಿ. ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ, ಅದಕ್ಕೆ ಪ್ರತಿ ಸೆಕೆಂಡೂ ಹಾಕಬೇಕಾದ ಶಕ್ತಿ ಎಂಟರಷ್ಟು. ಕುಂದವಾಡ ಕೆರೆ ಸುತ್ತ ಓಡುವಾಗ ಮರ ಹಿಂದೆ ಸರಿಯೋದು ಕಣ್ಣಿಗೇ ಕಾಣುತ್ತೆ, ಅಲ್ವಾ? ನೀರಲ್ಲಿ ಕಾಣೋದು ತಳದ ಕಪ್ಪು ಗೆರೆ ಒಂದೇ.

ಹಾಗಾಗಿ ಎಷ್ಟು ಸಲ ಕೈ ಬೀಸಿದೆ ಅಂತ ಎಣಿಸಬೇಕು. ಮೊದಲ ಸುತ್ತಿಗೆ 44 ಕೈ, ಏಳನೇದಕ್ಕೆ 53. ಕೈ ಹೆಚ್ಚು ಸಲ ತಿರುಗುತ್ತಿತ್ತು, ಮೈ ಮಾತ್ರ ಅಷ್ಟು ಮುಂದೆ ಹೋಗುತ್ತಿರಲಿಲ್ಲ. ಸುಸ್ತಾದಾಗ ನನ್ನ ಮೊಣಕೈ ಕೆಳಗೆ ಬೀಳುತ್ತದಂತೆ, ಅಂಗೈ ನೀರನ್ನು ಹಿಂದಕ್ಕೆ ತಳ್ಳೋದು ಬಿಟ್ಟು ಕೆಳಕ್ಕೆ ಒತ್ತುತ್ತದಂತೆ. "ನೀರು ಹೊಡಿಬ್ಯಾಡ್ರಿ ಸರ್, ಹಿಡೀರಿ" ಅಂದರು ಕೋಚ್.

ಆಮೇಲೆ ಮುಷ್ಟಿ ಕಟ್ಟಿ 100 ಮೀಟರ್. ಬರೀ ಮುಂಗೈಯಲ್ಲೇ ನೀರು ಹಿಡಿಯಬೇಕು, ಎಷ್ಟು ಬಡಿದರೂ ಜಾರಿ ಹೋಗುತ್ತದೆ. ಆದರೆ ಮುಷ್ಟಿ ಬಿಚ್ಚಿದ ಮೇಲಿನ ಮೊದಲ ನಾಲ್ಕೈದು ಕೈ ಇದೆಯಲ್ಲ, ಅದನ್ನು ಬರೆದಿಡಲೇಬೇಕು ಅಂತಲೇ ಇವತ್ತು ಕೂತಿದ್ದು. ನೀರು ನಾದಿದ ಹಿಟ್ಟಿನ ಹಾಗೆ ಗಟ್ಟಿಯಾಗಿ ಅಂಗೈಗೆ ಸಿಕ್ಕಿತು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಒಂದೇ ಸಮ ಒತ್ತಡ. ಕೈ ಸ್ವಲ್ಪ ಓರೆಯಾದರೂ ಆ ಒತ್ತಡ ಬೆರಳ ಸಂದಿಯಿಂದ ಸೋರಿಹೋಗೋದು ಗೊತ್ತಾಗುತ್ತಿತ್ತು.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಬಾಬಿ ಫಿಂಕ್ 1500 ಮೀಟರನ್ನು 14 ನಿಮಿಷ 30.67 ಸೆಕೆಂಡಲ್ಲಿ ಮುಗಿಸಿದ್ದು ಆಗ ನೆನಪಾಯಿತು. ಕೊಳದ ಉದ್ದಕ್ಕೆ 30 ಸಲ, ಒಂದೊಂದಕ್ಕೂ ಸರಾಸರಿ 29 ಸೆಕೆಂಡು. ನೀರಿನೊಳಗೆ ಗಡಿಯಾರ ಯಾರಿಗೂ ಇರಲ್ಲ. ಎಷ್ಟು ಸಾವಿರ ಸುತ್ತು ಈಜಿದರೆ ಆ ಲೆಕ್ಕ ಮೈಗೆ ಇಳಿಯುತ್ತೋ!

ಮಕ್ಕಳು ಬರೋ ಹೊತ್ತಿಗೆ ಇನ್ನೊಂದು 50 ಕೇಳಿ ಈಜಿದೆ. 46 ಕೈ. "61" ಅಂದೆ. 62 ಆಗಿತ್ತು. ಗುರುವಾರ ಮತ್ತೆ ಎಂಟು ಸುತ್ತು.